ಎಲ್ಲರೂ ಕರೆದ ‘ಬನ್ನಿ’: ಎಲಿಜಬೆತ್ ರಯಾನ್ ಮತ್ತು 19 ಡಬಲ್ಸ್ ಪ್ರಶಸ್ತಿಗಳು

(ಟೆನಿಸ್ ಆಡುವ ಗೆಳೆಯರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಪ್ರಶ್ನೆ ಕೇಳಿ ಶುರು ಮಾಡುತ್ತೇನೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, 43ನೇ ವಯಸ್ಸಿನಲ್ಲಿ. ಇದು ಇಲ್ಲಿರುವ ಎಲ್ಲರಿಗೂ ಗೊತ್ತು. ಅವತ್ತು ಅವರ ಪಕ್ಕದಲ್ಲಿ ನಿಂತು ಆಡಿದವರು ಯಾರು?

ಹಿಂದಿನ ಸಾಲಿನಿಂದ ಒಬ್ಬರು ‘ಎಬ್ಡೆನ್’ ಅಂದರು. ಸರಿ. ಮ್ಯಾಥ್ಯೂ ಎಬ್ಡೆನ್, ಆಸ್ಟ್ರೇಲಿಯಾದವರು. ಇಷ್ಟು ಜನರಲ್ಲಿ ಒಬ್ಬರಿಗೆ ನೆನಪಿತ್ತು. ಡಬಲ್ಸ್ ಅಂದರೆ ಹೀಗೇ. ಇಬ್ಬರು ಸೇರಿ ಗೆದ್ದದ್ದನ್ನು ನಾವು ಒಬ್ಬರ ಹೆಸರಿಗೆ ಬರೆದುಕೊಳ್ಳುತ್ತೇವೆ, ಇನ್ನೊಬ್ಬರು ಮರೆತೇ ಹೋಗುತ್ತಾರೆ.

ಇವತ್ತು ನಾನು ಹೇಳುವುದು ಆ ‘ಇನ್ನೊಬ್ಬರ’ ಕಥೆ. ಹೆಸರು ಎಲಿಜಬೆತ್ ರಯಾನ್. ಅಮೆರಿಕದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ನೆಲೆಸಿ, ವಿಂಬಲ್ಡನ್‌ನಲ್ಲಿ 19 ಪ್ರಶಸ್ತಿ ಗೆದ್ದವರು. 12 ಮಹಿಳಾ ಡಬಲ್ಸ್, 7 ಮಿಶ್ರ ಡಬಲ್ಸ್. ಸಿಂಗಲ್ಸ್ ಒಂದೂ ಇಲ್ಲ. ವಿಂಬಲ್ಡನ್‌ನಲ್ಲಷ್ಟೇ ಅಲ್ಲ, ಯಾವ ಗ್ರ್ಯಾಂಡ್‌ಸ್ಲಾಮ್‌ನಲ್ಲೂ, ಅಂದರೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಯಾವುದರಲ್ಲೂ, ಸಿಂಗಲ್ಸ್ ಸಿಗಲಿಲ್ಲ. ಹಾಗಾಗಿ ಇವರ ಬಗ್ಗೆ ಬರೆಯುವವರೆಲ್ಲ ಮೊದಲ ಸಾಲಿನಲ್ಲೇ ‘ದೊಡ್ಡ ಸಿಂಗಲ್ಸ್ ಪ್ರಶಸ್ತಿ ಗೆಲ್ಲದೇ ಹೋದ ಅತ್ಯುತ್ತಮ ಆಟಗಾರ್ತಿ’ ಅಂತ ಹೇಳಿಬಿಡುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಹತ್ತೊಂಬತ್ತು ಸಲ ಗೆದ್ದವರನ್ನು ಪರಿಚಯ ಮಾಡಿಕೊಡುವಾಗ ಇಲ್ಲದ್ದನ್ನೇ ಮೊದಲು ಹೇಳುವುದು ಯಾವ ನ್ಯಾಯ?

ಇವರಿಗೆ ಒಂದು ಅಡ್ಡಹೆಸರಿತ್ತು, ‘ಬನ್ನಿ’. ಇಂಗ್ಲಿಷಿನಲ್ಲಿ ಅದು ಮೊಲದ ಮರಿಯನ್ನು ಮುದ್ದಿನಿಂದ ಕರೆಯುವ ಹೆಸರು. ನಮ್ಮ ಕಿವಿಗೆ ಅದು ಬೇರೆಯೇ ಅಲ್ವಾ? ಯಾರನ್ನೋ ಮರ್ಯಾದೆಯಿಂದ ಕರೆದ ಹಾಗೆ. ಈ ಕಥೆಯನ್ನು ಓದುತ್ತಾ ಓದುತ್ತಾ ನನಗೆ ಕನ್ನಡದ ಅರ್ಥವೇ ಹೆಚ್ಚು ಹೊಂದುತ್ತದೆ ಅನಿಸಿತು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ರಯಾನ್ ಹುಟ್ಟಿದ್ದು 1892ರಲ್ಲಿ, ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ. 1912ರಲ್ಲಿ, ಇಪ್ಪತ್ತು ವಯಸ್ಸಿಗೆ, ಇಂಗ್ಲೆಂಡಿಗೆ ಬಂದರು. ಬಂದವರು ಅಲ್ಲೇ ಉಳಿದರು. ಆಗ ಇಂಗ್ಲೆಂಡಿನಲ್ಲಿ ಬೇಸಿಗೆ ಪೂರ್ತಿ ವಾರಕ್ಕೊಂದು ಊರಿನಲ್ಲಿ ಟೂರ್ನಿ ನಡೆಯುತ್ತಿತ್ತು. ಚಳಿಗಾಲ ಬಂದರೆ ಫ್ರಾನ್ಸಿನ ದಕ್ಷಿಣದ ಕಡಲ ತೀರ: ಕಾನ್, ನೀಸ್, ಮಾಂಟೆ ಕಾರ್ಲೊ, ಮೆಂಟೋನ್. ದೊಡ್ಡ ದೊಡ್ಡ ಹೋಟೆಲ್‌ಗಳು, ಅವುಗಳ ಅಂಗಳದಲ್ಲೇ ಟೆನಿಸ್ ಕೋರ್ಟು. ಆಟಗಾರರು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತಾ ಆಡುತ್ತಿದ್ದರು, ನಮ್ಮಲ್ಲಿ ನಾಟಕ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಹೋದ ಹಾಗೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇಲ್ಲಿ ದುಡ್ಡಿಲ್ಲ. ಇವರೆಲ್ಲ ಅಮೆಚೂರ್‌ಗಳು. ಗೆದ್ದರೆ ಕಪ್ಪು ಕೊಡುತ್ತಾರೆ, ಬಹುಮಾನದ ಹಣ ಕೊಡುವ ಹಾಗಿಲ್ಲ. ಆಡಿ ಸಂಬಳ ತೆಗೆದುಕೊಂಡರೆ ಅವತ್ತಿನಿಂದ ಅವರು ವೃತ್ತಿಪರರು, ಮತ್ತೆ ವಿಂಬಲ್ಡನ್ ಬಾಗಿಲು ಅವರಿಗೆ ಮುಚ್ಚಿದ ಹಾಗೇ. ಆ ಬಾಗಿಲು ತೆರೆದದ್ದು 1968ರಲ್ಲಿ. ಇವತ್ತು ಮೊದಲ ಸುತ್ತಿನಲ್ಲಿ ಸೋತವರಿಗೂ ಚೆಕ್ ಸಿಗುತ್ತದೆ. ಹೀಗಿರುವಾಗ ರಯಾನ್ ಅವರ ಕಾಲದಲ್ಲಿ ಇಪ್ಪತ್ತು ವರ್ಷ ಬಿಡದೆ ಆಡುವುದು ಎಂದರೆ ಏನು ಅಂತ ಒಂದು ಸಲ ಯೋಚನೆ ಮಾಡಿ.

ಅಮೆಚೂರ್ ಅಂದ ತಕ್ಷಣ ನಾವು ‘ಹವ್ಯಾಸಿ’ ಅಂದುಬಿಡುತ್ತೇವೆ, ಬಿಡುವಿದ್ದಾಗ ಆಡುವವರು ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಇವರದ್ದು ಹಾಗಲ್ಲ. ರಯಾನ್ ತಮ್ಮ ಜೀವಮಾನದಲ್ಲಿ ಗೆದ್ದ ಟೂರ್ನಿ ಪ್ರಶಸ್ತಿಗಳು ಒಟ್ಟು 659 ಅಂತ ದಾಖಲೆಗಳು ಹೇಳುತ್ತವೆ. ಆರುನೂರ ಐವತ್ತೊಂಬತ್ತು! ಒಂದೇ ವಾರದಲ್ಲಿ ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಮೂರನ್ನೂ ಆಡಿ, ಮುಗಿಸಿ, ಪೆಟ್ಟಿಗೆ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದವರಿಗೆ ಮಾತ್ರ ಇಂಥ ಲೆಕ್ಕ ಸಾಧ್ಯ. ಬಿಡುವಿನ ಆಟ ಅಲ್ಲ ಇದು, ಪೂರ್ತಿ ಬದುಕೇ ಇದು.

ಈಗ ಆಟದ ವಿಷಯಕ್ಕೆ ಬರೋಣ. ನನಗೆ ಇದೇ ಹೆಚ್ಚು ಇಷ್ಟ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡರೆ ಬೇಸರ ಮಾಡಿಕೊಳ್ಳಬೇಡಿ.

ರಯಾನ್ ಗಟ್ಟಿಮುಟ್ಟಾದ ಮೈಕಟ್ಟಿನವರು. ಕೋರ್ಟಿನ ತುಂಬಾ ಚಿಗರೆಯ ಹಾಗೆ ಓಡುವವರಲ್ಲ. ಹಿಂದೆ ನಿಂತು ಚೆಂಡನ್ನು ಜೋರಾಗಿ, ನೇರವಾಗಿ ಹೊಡೆಯುವುದು ಅವರ ಶಕ್ತಿ ಅಲ್ಲ. ಅವರ ಹತ್ತಿರ ಇದ್ದದ್ದು ‘ಚಾಪ್’. ಕೊಡಲಿಯಲ್ಲಿ ಸೌದೆ ಸೀಳುವಾಗ ಕೈ ಮೇಲಿನಿಂದ ಕೆಳಗೆ ಬರುತ್ತದಲ್ಲ, ಸುಮಾರು ಹಾಗೆ. ರಾಕೆಟ್ ಮೇಲಿನಿಂದ ಇಳಿದು ಚೆಂಡಿನ ಹಿಂಭಾಗವನ್ನು ಕೆರೆದುಕೊಂಡು ಹೋಗುತ್ತದೆ. ಚೆಂಡು ಮುಂದಕ್ಕೆ ಹೋಗುತ್ತಾ ಹಿಂದಕ್ಕೆ ತಿರುಗುತ್ತಿರುತ್ತದೆ. ನೆಲಕ್ಕೆ ಬಿದ್ದ ಮೇಲೆ ಮೇಲೇಳುವುದಿಲ್ಲ, ಹುಲ್ಲಿನ ಮೇಲೆ ಜಾರಿಬಿಡುತ್ತದೆ.

ಇದನ್ನು ಹುಲ್ಲಿನ ಕೋರ್ಟಿನಲ್ಲಿ ಎದುರಿಸಿ ನೋಡಿ. ನಿಮ್ಮ ಕೈಯಲ್ಲಿ ಭಾರದ ಮರದ ರಾಕೆಟ್. ಚೆಂಡು ಮೊಣಕಾಲಿನ ಎತ್ತರಕ್ಕೂ ಬರುತ್ತಿಲ್ಲ. ನೀವು ಬಗ್ಗಬೇಕು, ಬಗ್ಗಿ ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಎತ್ತಬೇಕು, ಇಲ್ಲದಿದ್ದರೆ ನೆಟ್ ದಾಟುವುದಿಲ್ಲ. ನೀವು ಎತ್ತಿದಿರಿ. ಅಷ್ಟರಲ್ಲಿ ನೆಟ್ ಹತ್ತಿರ ಒಬ್ಬರು ಬಂದು ನಿಂತಿದ್ದಾರೆ. ನೀವು ಮೇಲೆ ಎತ್ತಿಕೊಟ್ಟ ಚೆಂಡು ಅವರ ಭುಜದ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಅದನ್ನು ಅವರು ನೆಲಕ್ಕೆ ಬೀಳಲು ಬಿಡದೆ ಹೊಡೆಯುತ್ತಾರೆ, ಅದೇ ವಾಲಿ. ಪಾಯಿಂಟ್ ಮುಗಿಯಿತು.

ರಯಾನ್ ಇಬ್ಬರ ಕೆಲಸವನ್ನೂ ಮಾಡುತ್ತಿದ್ದರು. ಚಾಪ್ ಹೊಡೆದು ಎದುರಾಳಿಯನ್ನು ಬಗ್ಗಿಸುವುದೂ ಅವರೇ, ನೆಟ್‌ಗೆ ಹೋಗಿ ವಾಲಿಯಲ್ಲಿ ಮುಗಿಸುವುದೂ ಅವರೇ. ಸಿಂಗಲ್ಸ್‌ನಲ್ಲಿ ಇದಕ್ಕೆ ಒಂದು ಮದ್ದಿದೆ. ಪಕ್ಕದಿಂದ ಪಾಸ್ ಮಾಡಬಹುದು, ತಲೆ ಮೇಲಿನಿಂದ ಲಾಬ್ ಎತ್ತಿ ಹಿಂದಕ್ಕೆ ಓಡಿಸಬಹುದು, ಕಾಲು ಅಷ್ಟು ಚುರುಕಿಲ್ಲದವರನ್ನು ಆ ಮೂಲೆಯಿಂದ ಈ ಮೂಲೆಗೆ ಅಲೆಸಬಹುದು. ಡಬಲ್ಸ್‌ನಲ್ಲಿ ಪಕ್ಕದಲ್ಲಿ ಇನ್ನೊಬ್ಬರು ಇದ್ದಾರೆ, ಅರ್ಧ ಕೋರ್ಟು ಅವರದ್ದು. ಉಳಿದ ಅರ್ಧದಲ್ಲಿ ರಯಾನ್ ಅವರನ್ನು ದಾಟಿಸಿ ಚೆಂಡು ಕಳಿಸುವುದು ಆ ಕಾಲದ ಯಾರಿಗೂ ಸುಲಭ ಆಗಿರಲಿಲ್ಲ.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಆಗ ಹೆಂಗಸರು ನೆಟ್‌ಗೆ ಹೋಗುವುದೇ ಕಮ್ಮಿ. ಹೆಚ್ಚಿನವರು ಕೋರ್ಟಿನ ಹಿಂದಿನ ಗೆರೆ, ಬೇಸ್‌ಲೈನ್‌ನಲ್ಲೇ ನಿಂತು ಆಡುತ್ತಿದ್ದರು. ಅವರಿಗೆ ಧೈರ್ಯ ಇರಲಿಲ್ಲ ಅಂತ ಅಲ್ಲ. ಬಟ್ಟೆ ನೋಡಿ. ಪಾದದವರೆಗೆ ಬರುವ ಲಂಗ, ಕೈ ಮುಚ್ಚುವ ರವಿಕೆ, ಒಳಗೆ ಸೊಂಟ ಬಿಗಿಯುವ ಕಾರ್ಸೆಟ್. ಕಾರ್ಸೆಟ್ ಅಂದರೆ ಸುಮ್ನೆ ಬಟ್ಟೆಯಲ್ಲ, ಅದರೊಳಗೆ ಉಕ್ಕಿನ ಕಡ್ಡಿಗಳನ್ನು ಹೊಲಿದಿರುತ್ತಾರೆ. ರಯಾನ್ ಅವರೇ ಆಮೇಲೆ ಇದನ್ನು ನೆನಪಿಸಿಕೊಂಡಿದ್ದಾರೆ. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಹೆಂಗಸರು ಬಟ್ಟೆ ಬದಲಿಸುವ ಕೋಣೆಯಲ್ಲಿ ಬೆಂಕಿಗೂಡಿನ ಹತ್ತಿರ ಒಂದು ಸರಳು ಇರುತ್ತಿತ್ತಂತೆ. ಆಟ ಮುಗಿಸಿ ಬಂದವರು ಬೆವರಿನಲ್ಲಿ ನೆನೆದ ಕಾರ್ಸೆಟ್ ಬಿಚ್ಚಿ ಒಣಗಲು ಅದರ ಮೇಲೆ ಹಾಕುತ್ತಿದ್ದರು. ಎಷ್ಟೋ ಕಾರ್ಸೆಟ್‌ಗಳ ಮೇಲೆ ರಕ್ತದ ಕಲೆ ಇರುತ್ತಿತ್ತು. ಬಗ್ಗಿ ಚೆಂಡು ಹೊಡೆದಾಗ ಉಕ್ಕಿನ ಕಡ್ಡಿ ಮೈಗೆ ಚುಚ್ಚಿದ ರಕ್ತ.

ಈ ಮಾತು ಓದಿದ ದಿನ ನನಗೆ ಬೇರೆ ಏನೂ ಓದಲಾಗಲಿಲ್ಲ. ಹಳೆಯ ಫೋಟೋಗಳಲ್ಲಿ ಎಲ್ಲ ಬೆಳ್ಳಗೆ, ಅಚ್ಚುಕಟ್ಟಾಗಿ ಕಾಣುತ್ತದೆ. ಆ ಸರಳು ಫೋಟೋದಲ್ಲಿ ಇಲ್ಲ.

ಹೋಗಲಿ, ಪಂದ್ಯಗಳಿಗೆ ಬರುತ್ತೇನೆ. ರಯಾನ್ ಮೊದಲ ಸಲ ವಿಂಬಲ್ಡನ್ ಡಬಲ್ಸ್ ಗೆದ್ದದ್ದು 1914ರಲ್ಲಿ, ಇಂಗ್ಲೆಂಡಿನ ಮಾರ್ಟನ್ ಎಂಬ ಆಟಗಾರ್ತಿಯ ಜೊತೆ. ಅದೇ ವರ್ಷ ರಷ್ಯಾಕ್ಕೆ ಹೋಗಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಲ್ಲಿನ ಚಾಂಪಿಯನ್‌ಷಿಪ್‌ನ ಸಿಂಗಲ್ಸ್ ಗೆದ್ದರು. ಆಗಿನ್ನೂ ತ್ಸಾರ್ ದೊರೆಯ ರಷ್ಯಾ. ಆಮೇಲೆ ಯುದ್ಧ ಶುರುವಾಯಿತು, ಕ್ರಾಂತಿ ಆಯಿತು, ಆ ಸಾಮ್ರಾಜ್ಯವೇ ಹೋಯಿತು. ಹಾಗಾಗಿ ಚಕ್ರಾಧಿಪತ್ಯದ ರಷ್ಯಾದ ಕೊನೆಯ ಚಾಂಪಿಯನ್ ನಮ್ಮ ಬನ್ನಿಯೇ.

ಯುದ್ಧದಿಂದಾಗಿ 1915ರಿಂದ 1918ರವರೆಗೆ ವಿಂಬಲ್ಡನ್ ನಡೆಯಲೇ ಇಲ್ಲ. ಆಟಗಾರ್ತಿಯೊಬ್ಬರ 23ರಿಂದ 26ನೇ ವಯಸ್ಸು ಅದು. ಕೈಕಾಲಲ್ಲಿ ಹೆಚ್ಚು ಕಸುವಿರುವ ವರ್ಷಗಳು. ಹತ್ತೊಂಬತ್ತು ಅನ್ನುವ ಲೆಕ್ಕದಲ್ಲಿ ಈ ನಾಲ್ಕು ವರ್ಷದ ಖಾಲಿ ಜಾಗವೂ ಸೇರಿಕೊಂಡಿದೆ ಅನ್ನುವುದನ್ನು ಮರೆಯಬಾರದು.

1919ರಲ್ಲಿ ವಿಂಬಲ್ಡನ್ ಮತ್ತೆ ಶುರುವಾದಾಗ ಫ್ರಾನ್ಸಿನಿಂದ ಒಬ್ಬ ಹುಡುಗಿ ಬಂದಳು. ವಯಸ್ಸು 20. ಲಂಗ ಮೊಣಕಾಲಿನ ಕೆಳಗೆ ಅರ್ಧಕ್ಕೇ ನಿಂತಿದೆ, ತೋಳು ತೆರೆದಿದೆ, ಕಾರ್ಸೆಟ್ ಇಲ್ಲ. ನೋಡಿದವರು ಗಾಬರಿಯಾದರು. ಅವಳು ಆ ವರ್ಷವೇ ಸಿಂಗಲ್ಸ್ ಗೆದ್ದಳು. ಸುಝಾನ್ ಲೆಂಗ್ಲೆನ್. ಹೆಸರು ಕೇಳಿರುತ್ತೀರಿ, ಫ್ರೆಂಚ್ ಓಪನ್ ನಡೆಯುವ ಜಾಗದಲ್ಲಿ ಒಂದು ದೊಡ್ಡ ಕೋರ್ಟಿಗೆ ಅವರ ಹೆಸರೇ ಇದೆ. ಹೆಂಗಸರನ್ನು ಕಾರ್ಸೆಟ್‌ನಿಂದ ಬಿಡಿಸಿದ್ದಕ್ಕೆ ಆಡುವ ಎಲ್ಲ ಹೆಣ್ಣುಮಕ್ಕಳೂ ಲೆಂಗ್ಲೆನ್‌ಗೆ ಮಂಡಿಯೂರಿ ಕೃತಜ್ಞತೆ ಹೇಳಬೇಕು ಅನ್ನುವ ಅರ್ಥದ ಮಾತನ್ನು ರಯಾನ್ ಆಡಿದ್ದಾರೆ.

ಇಬ್ಬರೂ ಜೊತೆಯಾದರು. 1919, 1920, 1921, 1922, 1923: ಐದು ವರ್ಷ ಸತತವಾಗಿ ವಿಂಬಲ್ಡನ್ ಡಬಲ್ಸ್. 1924ರಲ್ಲಿ ಲೆಂಗ್ಲೆನ್ ಕಾಯಿಲೆಯಿಂದ ಮಧ್ಯದಲ್ಲೇ ಹಿಂದೆ ಸರಿದರು. 1925ರಲ್ಲಿ ಮತ್ತೆ ಗೆದ್ದರು. ಈ ಜೋಡಿ ವಿಂಬಲ್ಡನ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಸೋಲಲಿಲ್ಲ.

ನೀವು ಕೇಳಬಹುದು, ‘ಲೆಂಗ್ಲೆನ್ ಪಕ್ಕದಲ್ಲಿ ಯಾರನ್ನು ನಿಲ್ಲಿಸಿದರೂ ಗೆಲ್ಲುತ್ತಿದ್ದರಲ್ವಾ?’ ಅಂತ. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡಿರಿ, 1926ಕ್ಕೆ ಬಂದಾಗ ಬೇಕಾಗುತ್ತದೆ.

ಅದಕ್ಕೆ ಮೊದಲು ಒಂದು ವಿಚಿತ್ರ ಹೇಳುತ್ತೇನೆ. 1921ರಲ್ಲಿ ರಯಾನ್ ವಿಂಬಲ್ಡನ್ ಸಿಂಗಲ್ಸ್‌ನ ಕೊನೆಯ ಪಂದ್ಯದವರೆಗೂ ಬಂದರು. ಆಗಿನ ಪದ್ಧತಿ ಬೇರೆ. ಹಿಂದಿನ ವರ್ಷ ಗೆದ್ದವರು ಮೊದಲಿನಿಂದ ಆಡಬೇಕಾಗಿರಲಿಲ್ಲ, ಕಾದು ಕೂತಿರುತ್ತಿದ್ದರು. ಉಳಿದವರೆಲ್ಲ ತಮ್ಮಲ್ಲೇ ಆಡಿ, ಗೆದ್ದು ಉಳಿದ ಒಬ್ಬರು ಚಾಂಪಿಯನ್ನಿಗೆ ಸವಾಲು ಹಾಕಬೇಕು. ರಯಾನ್ ಎಲ್ಲರನ್ನೂ ಸೋಲಿಸಿ ಬಂದಾಗ ಅಲ್ಲಿ ಕಾದು ಕೂತಿದ್ದವರು ಲೆಂಗ್ಲೆನ್. ತಮ್ಮದೇ ಜೊತೆಗಾತಿ! 6-2, 6-0. ರಯಾನ್ ಸೋತರು. ಅದೇ ಎರಡು ವಾರದಲ್ಲಿ ಅದೇ ಲೆಂಗ್ಲೆನ್ ಪಕ್ಕದಲ್ಲಿ ನಿಂತು ಡಬಲ್ಸ್ ಗೆದ್ದರು.

ಮಿಶ್ರ ಡಬಲ್ಸ್‌ನಲ್ಲಿ ಇನ್ನೂ ಮಜಾ ಇದೆ. ಅಲ್ಲಿ ಇಬ್ಬರೂ ಎದುರುಬದುರು. ರಯಾನ್ ಹೆಚ್ಚಾಗಿ ಆಡಿದ್ದು ಬ್ರಿಟನ್ನಿನ ರಾಂಡಾಲ್ಫ್ ಲೈಸೆಟ್ ಜೊತೆ. 1919, 1921, 1923ರಲ್ಲಿ ಇವರು ಗೆದ್ದರು. 1920 ಮತ್ತು 1922ರಲ್ಲಿ ಫೈನಲ್‌ನಲ್ಲಿ ಸೋತರು, ಎರಡು ಸಲವೂ ಲೆಂಗ್ಲೆನ್ ಇದ್ದ ಜೋಡಿಗೆ. 1925ರಲ್ಲಿ ಇನ್ನೊಬ್ಬರ ಜೊತೆ ಆಡಿ ಮತ್ತೆ ಲೆಂಗ್ಲೆನ್ ಜೋಡಿಗೇ ಸೋತರು. ಒಂದು ಪಂದ್ಯದಲ್ಲಿ ಪಕ್ಕದಲ್ಲಿ, ಇನ್ನೊಂದರಲ್ಲಿ ನೆಟ್‌ನ ಆ ಕಡೆ.

ನಾವು ಬೆಳಿಗ್ಗೆ ಆಡುವಾಗ ಏನಾಗುತ್ತದೆ ಹೇಳಿ. ನಿನ್ನೆ ನನ್ನನ್ನು ಸೋಲಿಸಿದವರ ಪಕ್ಕದಲ್ಲಿ ಇವತ್ತು ನಿಲ್ಲಬೇಕು ಅಂದರೆ ಮನಸ್ಸಿನಲ್ಲಿ ಒಂದು ಚೂರು ಉಳಿದಿರುತ್ತದೆ. ಮಧ್ಯಕ್ಕೆ ಬಂದ ಚೆಂಡಿಗೆ ‘ನಂದು!’ ಅಂತ ಕೂಗಬೇಕು, ಇಲ್ಲ ‘ಬಿಡು!’ ಅನ್ನಬೇಕು. ಆ ಚೂರು ಉಳಿದಿದ್ದರೆ ಇಬ್ಬರೂ ಕೂಗುತ್ತಾರೆ, ಅಥವಾ ಇಬ್ಬರೂ ಸುಮ್ಮನಿರುತ್ತಾರೆ, ಚೆಂಡು ನಡುವೆಯೇ ಹೋಗುತ್ತದೆ. ನನ್ನ ಜೊತೆ ಬಹಳ ವರ್ಷದಿಂದ ಆಡುವ ಹಿರಿಯರೊಬ್ಬರಿದ್ದಾರೆ. ‘ಡಬಲ್ಸ್‌ನಲ್ಲಿ ಮೊದಲು ಕಲಿಯಬೇಕಾದ್ದು ಸರ್ವ್ ಅಲ್ಲ ಮಾರಾಯ, ಪಕ್ಕದವರ ಮೇಲೆ ಸಿಟ್ಟು ಇಟ್ಟುಕೊಳ್ಳದೆ ಇರೋದು’ ಅಂತ ಅವರು ಹೇಳುತ್ತಿರುತ್ತಾರೆ. ರಯಾನ್ ಅವರ ಪಂದ್ಯಗಳ ಪಟ್ಟಿ ನೋಡಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಸಿಂಗಲ್ಸ್‌ನಲ್ಲಿ ಪದೇ ಪದೇ ಲೆಂಗ್ಲೆನ್‌ಗೆ ಸೋತು, ಆಮೇಲೆ ಅವರ ಪಕ್ಕದಲ್ಲೇ ನಿಂತು ಒಂದೂ ಪಂದ್ಯ ಬಿಟ್ಟುಕೊಡದೆ ಇರುವುದು ಸಣ್ಣ ಗುಣ ಅಲ್ಲ.

ಹಾಗಂತ ಸಿಂಗಲ್ಸ್‌ನಲ್ಲಿ ಸುಮ್ನೆ ಸೋತು ಬರುತ್ತಿರಲಿಲ್ಲ. 1924ರ ಕ್ವಾರ್ಟರ್ ಫೈನಲ್‌ನಲ್ಲಿ ಲೆಂಗ್ಲೆನ್ ವಿರುದ್ಧ 2-6, 8-6, 4-6. ಲೆಂಗ್ಲೆನ್ ಎದುರು ಒಂದು ಸೆಟ್ ಗೆಲ್ಲುವುದೇ ಸುದ್ದಿಯಾಗುತ್ತಿದ್ದ ಕಾಲ ಅದು.

ಈಗ 1926. ವಿಂಬಲ್ಡನ್‌ಗೆ 50ನೇ ವರ್ಷದ ಸಂಭ್ರಮ. ಲೆಂಗ್ಲೆನ್‌ಗೆ ಎಂದಿನಂತೆ ರಯಾನ್ ಜೊತೆಯೇ ಆಡಬೇಕು ಅಂತ ಆಸೆ. ಫ್ರಾನ್ಸಿನ ಟೆನಿಸ್ ಸಂಸ್ಥೆ ಒಪ್ಪಲಿಲ್ಲ. ನೀನು ಫ್ರೆಂಚ್ ಆಟಗಾರ್ತಿಯ ಜೊತೆಗೇ ಆಡಬೇಕು ಅಂತ ಹಟ ಹಿಡಿಯಿತು. ಹಾಗಾಗಿ ಲೆಂಗ್ಲೆನ್, ದಿದಿ ವ್ಲಾಸ್ತೊ ಎಂಬುವರ ಜೊತೆ ಸೇರಬೇಕಾಯಿತು. ರಯಾನ್ ಅಮೆರಿಕದ ಮೇರಿ ಬ್ರೌನ್ ಜೊತೆ ಸೇರಿದರು. ಡ್ರಾ ಎತ್ತಿದಾಗ ಏನಾಯಿತು ಗೊತ್ತಾ? ಆರಂಭದಲ್ಲೇ ಈ ಎರಡು ಜೋಡಿಗಳು ಎದುರುಬದುರು!

ಅದೇ ಹೊತ್ತಿನಲ್ಲಿ ಇನ್ನೊಂದು ಗಲಾಟೆಯೂ ಆಯಿತು. ಪಂದ್ಯದ ಹೊತ್ತು ಬದಲಾದದ್ದು ತನಗೆ ಗೊತ್ತಿರಲಿಲ್ಲ ಅಂತ ಲೆಂಗ್ಲೆನ್ ತಡವಾಗಿ ಬಂದರು, ಅವರ ಆಟ ನೋಡಲು ಬಂದಿದ್ದ ರಾಣಿ ಮೇರಿ ಕಾದು ಕೂರಬೇಕಾಯಿತು, ಪತ್ರಿಕೆಗಳು ಲೆಂಗ್ಲೆನ್ ಮೇಲೆ ಮುಗಿಬಿದ್ದವು. ಈ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಆ ಗದ್ದಲದಲ್ಲಿ ಡಬಲ್ಸ್ ಪಂದ್ಯ ಮುಚ್ಚಿಹೋಯಿತು, ಅದಕ್ಕೇ ನಾನು ಅದನ್ನು ಹೇಳುತ್ತಿದ್ದೇನೆ.

ಮೊದಲ ಸೆಟ್ ಲೆಂಗ್ಲೆನ್ ಜೋಡಿಗೆ, 6-3. ಎರಡನೇ ಸೆಟ್ ಎಳೆದಾಡಿ ಎಳೆದಾಡಿ 9-7, ಅದು ರಯಾನ್ ಮತ್ತು ಬ್ರೌನ್‌ಗೆ. ಸೋಲಿನ ಅಂಚಿನಿಂದ ಎದ್ದು ಬಂದಿದ್ದರು. ಮೂರನೆಯದು 6-2. ಮುಗಿಯಿತು. ಲೆಂಗ್ಲೆನ್ ಆ ಟೂರ್ನಿಯಿಂದಲೇ ಹೊರಗೆ ಹೋದರು, ಮತ್ತೆ ಎಂದೂ ವಿಂಬಲ್ಡನ್‌ನಲ್ಲಿ ಆಡಲಿಲ್ಲ. ಅದೇ ವರ್ಷ ವೃತ್ತಿಪರರಾಗಿ ಅಮೆರಿಕದ ಪ್ರವಾಸಕ್ಕೆ ಹೊರಟರು. ರಯಾನ್ ಮತ್ತು ಬ್ರೌನ್ ಪ್ರಶಸ್ತಿಯನ್ನೂ ಗೆದ್ದರು, ಫೈನಲ್‌ನಲ್ಲಿ 6-1, 6-1.

ಈಗ ಆ ಪ್ರಶ್ನೆ ತೆಗೆಯಿರಿ. ಲೆಂಗ್ಲೆನ್ ಪಕ್ಕದಲ್ಲಿ ಯಾರು ನಿಂತರೂ ಗೆಲ್ಲುತ್ತಿದ್ದರಾ? ವ್ಲಾಸ್ತೊ ನಿಂತರು, ಗೆಲ್ಲಲಿಲ್ಲ. ಎದುರಿಗೆ ರಯಾನ್ ಇದ್ದರು.

ಅದೇ 1926ರ ಬೇಸಿಗೆಯಲ್ಲಿ ರಯಾನ್ ಅಮೆರಿಕಕ್ಕೆ ಹೋಗಿ ಅಲ್ಲಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಡಿದರು. ಅವರ ಸಿಂಗಲ್ಸ್ ಬದುಕಿನ ಅತಿ ನೋವಿನ ದಿನ ಅಲ್ಲಿ ಬಂತು. ಫೈನಲ್‌ನಲ್ಲಿ ಎದುರಾಳಿ ಮೊಲ್ಲಾ ಮ್ಯಾಲರಿ, ವಯಸ್ಸು 42. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು, ಸೋಲು ಒಪ್ಪದ ಜಾತಿ. ರಯಾನ್‌ಗೆ 34. ಮೊದಲ ಸೆಟ್ ರಯಾನ್, 6-4. ಎರಡನೆಯದು ಮ್ಯಾಲರಿ, 6-4. ಮೂರನೇ ಸೆಟ್‌ನಲ್ಲಿ ರಯಾನ್ 4-0 ಮುಂದೆ. ಆರು ಗೇಮ್ ಆದರೆ ಸೆಟ್, ಇನ್ನೆರಡೇ ಗೇಮ್. ಮ್ಯಾಲರಿ ಒಂದೊಂದೇ ಗೇಮ್ ವಾಪಸ್ ತೆಗೆದುಕೊಂಡರು, ಸಮ ಮಾಡಿದರು. ಆಮೇಲೂ ರಯಾನ್‌ಗೆ ಮ್ಯಾಚ್ ಪಾಯಿಂಟ್ ಸಿಕ್ಕಿತು, ಅದೊಂದು ಗೆದ್ದರೆ ಪಂದ್ಯವೇ ಅವರದ್ದು. ಒಂದು ಚೆಂಡು. ಒಂದು ಚಾಪ್ ಸರಿಯಾಗಿ ಬಿದ್ದಿದ್ದರೆ ಇವತ್ತು ಯಾರೂ ‘ಸಿಂಗಲ್ಸ್ ಗೆಲ್ಲದವರು’ ಅಂತ ಹೇಳುತ್ತಿರಲಿಲ್ಲ. 9-7, ಮ್ಯಾಲರಿ ಗೆದ್ದರು. ಅದು ಅವರ ಎಂಟನೇ ಅಮೆರಿಕನ್ ಪ್ರಶಸ್ತಿ.

ಅದೇ ಟೂರ್ನಿಯಲ್ಲಿ ರಯಾನ್ ಎಲೀನರ್ ಗಾಸ್ ಜೊತೆ ಮಹಿಳಾ ಡಬಲ್ಸ್ ಗೆದ್ದರು. ಫ್ರಾನ್ಸಿನ ಬೊರೊತ್ರಾ ಜೊತೆ ಮಿಶ್ರ ಡಬಲ್ಸ್ ಗೆದ್ದರು. ಎರಡು ಕಪ್ಪು ಕೈಯಲ್ಲಿ, ಒಂದು ಪಾಯಿಂಟ್ ಎದೆಯಲ್ಲಿ.

ಲೆಂಗ್ಲೆನ್ ಹೋದ ಮೇಲೆ ಟೆನಿಸ್ ಲೋಕಕ್ಕೆ ಹೊಸ ರಾಣಿ ಬಂದರು, ಕ್ಯಾಲಿಫೋರ್ನಿಯಾದ ಹೆಲೆನ್ ವಿಲ್ಸ್. ಮಾತು ಕಮ್ಮಿ, ಹೊಡೆತ ಜೋರು, ಮುಖದಲ್ಲಿ ಏನೂ ತೋರಿಸದ ಹುಡುಗಿ. 1927ರಲ್ಲಿ ಮೊದಲ ಸಲ ವಿಂಬಲ್ಡನ್ ಸಿಂಗಲ್ಸ್ ಗೆದ್ದಾಗ ವಿಲ್ಸ್‌ಗೆ 21 ವರ್ಷ. ಆ ವರ್ಷ ಡಬಲ್ಸ್‌ಗೆ ಅವರು ಯಾರ ಜೊತೆ ಆಡಿದರು? ರಯಾನ್ ಜೊತೆ. ಗೆದ್ದರು. 1930ರಲ್ಲಿ ಮತ್ತೆ ಅದೇ ಕಥೆ. ಸಿಂಗಲ್ಸ್ ಫೈನಲ್‌ನಲ್ಲಿ 38 ವಯಸ್ಸಿನ ರಯಾನ್ ವಿಲ್ಸ್‌ಗೆ 6-2, 6-2ರಲ್ಲಿ ಸೋತರು. ಡಬಲ್ಸ್‌ನಲ್ಲಿ ಇಬ್ಬರೂ ಒಟ್ಟಿಗೆ ಗೆದ್ದರು. ಒಂಬತ್ತು ವರ್ಷದ ಹಿಂದೆ ಲೆಂಗ್ಲೆನ್ ಜೊತೆ ಆದದ್ದೇ ಇಲ್ಲಿ ಮತ್ತೆ ಆಯಿತು.

ನನ್ನ ಕನ್ನಡದ ‘ಬನ್ನಿ’ ಇಲ್ಲಿಗೇ ಬಂದು ಸೇರುತ್ತದೆ. ಆ ಕಾಲದ ಇಬ್ಬರು ಮಹಾ ಆಟಗಾರ್ತಿಯರು ಇವರನ್ನು ಸಿಂಗಲ್ಸ್‌ನಲ್ಲಿ ಸೋಲಿಸಿದರು. ಸೋಲಿಸಿದ ಇಬ್ಬರೂ ಡಬಲ್ಸ್‌ಗೆ ಇವರನ್ನೇ ಕರೆದರು. ಇನ್ಯಾರನ್ನಾದರೂ ಕರೆಯಬಹುದಿತ್ತು, ಅವರು ಕರೆದರೆ ಬರುವುದಿಲ್ಲ ಅನ್ನುವವರು ಯಾರಿದ್ದರು? ಸಿಂಗಲ್ಸ್ ಸೋಲನ್ನು ನಾವು ರಯಾನ್ ಅವರ ಕೊರತೆ ಅಂತ ಬರೆದುಕೊಂಡಿದ್ದೇವೆ. ನೆಟ್‌ನ ಆ ಕಡೆಯಿಂದ ಇವರ ಆಟವನ್ನು ಹತ್ತಿರದಿಂದ ನೋಡಿದವರು ಬೇರೆ ತೀರ್ಮಾನಕ್ಕೆ ಬಂದಿದ್ದರು.

ನಾನು ಒಂದು ಸಂಜೆ ಕೂತು ಹಾಳೆಯ ಮೇಲೆ ಹೆಸರು ಬರೆದೆ. ವಿಂಬಲ್ಡನ್‌ನ 19 ಪ್ರಶಸ್ತಿಗೆ ಎಷ್ಟು ಜನ ಜೊತೆಗಾರರು ಅಂತ. ಮಹಿಳಾ ಡಬಲ್ಸ್‌ನಲ್ಲಿ ಐದು ಜನ: ಮಾರ್ಟನ್, ಲೆಂಗ್ಲೆನ್, ಬ್ರೌನ್, ವಿಲ್ಸ್, ಕೊನೆಗೆ ಫ್ರಾನ್ಸಿನ ಸಿಮೋನ್ ಮ್ಯಾಥ್ಯೂ. ಮಿಶ್ರ ಡಬಲ್ಸ್‌ನಲ್ಲೂ ಐದು ಜನ: ಲೈಸೆಟ್, 1927ರಲ್ಲಿ ಅಮೆರಿಕದ ಫ್ರಾಂಕ್ ಹಂಟರ್, 1928ರಲ್ಲಿ ದಕ್ಷಿಣ ಆಫ್ರಿಕಾದ ಪ್ಯಾಟ್ರಿಕ್ ಸ್ಪೆನ್ಸ್, 1930ರಲ್ಲಿ ಆಸ್ಟ್ರೇಲಿಯಾದ ಜಾಕ್ ಕ್ರಾಫರ್ಡ್, 1932ರಲ್ಲಿ ಸ್ಪೇನಿನ ಎನ್ರಿಕೆ ಮೈಯರ್. ಒಟ್ಟು ಹತ್ತು ಜನ, ಆರು ದೇಶದವರು. ಒಬ್ಬೊಬ್ಬರ ಆಟ ಒಂದೊಂದು ಥರ. ಜೊತೆಗಾರರ ಹೆಸರು ಹತ್ತು, ಬದಲಾಗದೆ ಉಳಿದದ್ದು ರಯಾನ್ ಹೆಸರೊಂದೇ. ಲೆಂಗ್ಲೆನ್ ಜೊತೆ ಬಂದದ್ದು ಆರು. ಲೆಂಗ್ಲೆನ್ ಇಲ್ಲದೆ ಬಂದದ್ದು ಹದಿಮೂರು.

ಹೊಸ ಜೊತೆಗಾರರು ಸಿಕ್ಕಿದಾಗ ಅವರಿಗೆ ಹೊಂದಿಕೊಳ್ಳುವುದು ಎಷ್ಟು ಕಷ್ಟ ಅಂತ ಇಲ್ಲಿ ಕೂತವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಸರ್ವ್ ಎಷ್ಟು ಜೋರು, ಲಾಬ್ ಬಂದರೆ ಹಿಂದೆ ಓಡುತ್ತಾರಾ ಇಲ್ಲವಾ, ಮಧ್ಯದ ಚೆಂಡು ಯಾರದು, ಎರಡು ಸಲ ತಪ್ಪಾದರೆ ಮುಖ ಗಂಟು ಹಾಕಿಕೊಳ್ಳುತ್ತಾರಾ. ಇಷ್ಟೆಲ್ಲ ತಿಳಿಯುವ ಹೊತ್ತಿಗೆ ಟೂರ್ನಿಯೇ ಮುಗಿದಿರುತ್ತದೆ.

ಎಲ್ಲ ಸಲವೂ ಗೆದ್ದರು ಅಂತಲ್ಲ. 1932ರ ಮಹಿಳಾ ಡಬಲ್ಸ್ ಫೈನಲ್‌ನಲ್ಲಿ ಹೆಲೆನ್ ಜೇಕಬ್ಸ್ ಜೊತೆ ಆಡಿ ಸೋತರು. ಆಗ ಅವರಿಗೆ 40. ಅಲ್ಲಿಗೆ ನಿಲ್ಲಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಸಿಮೋನ್ ಮ್ಯಾಥ್ಯೂ ಜೊತೆ ಸೇರಿ 1933ರಲ್ಲಿ ಫ್ರೆಂಚ್ ಮತ್ತು ವಿಂಬಲ್ಡನ್ ಎರಡನ್ನೂ ಗೆದ್ದರು. 1934ರಲ್ಲಿ ಮತ್ತೆ ಎರಡನ್ನೂ ಗೆದ್ದರು. 42ನೇ ವಯಸ್ಸಿನಲ್ಲಿ ಹತ್ತೊಂಬತ್ತನೆಯದು. ಮೊದಲ ಪ್ರಶಸ್ತಿ ಬಂದು ಸರಿಯಾಗಿ 20 ವರ್ಷ ಆಗಿತ್ತು. ಮೊದಲನೆಯದು ಗೆದ್ದದ್ದು ವೋರ್‌ಪಲ್ ರಸ್ತೆಯ ಹಳೆಯ ಮೈದಾನದಲ್ಲಿ, ಕೊನೆಯದು ಈಗಿರುವ ಚರ್ಚ್ ರಸ್ತೆಯ ಮೈದಾನದಲ್ಲಿ. ಕ್ಲಬ್ಬು ಅಲ್ಲಿಗೆ ಹೋದದ್ದು 1922ರಲ್ಲಿ. ಊರು ಬದಲಾಗಲಿಲ್ಲ, ಜಾಗ ಬದಲಾಯಿತು, ಲಂಗದ ಉದ್ದ ಬದಲಾಯಿತು, ಪಕ್ಕದಲ್ಲಿ ನಿಂತವರು ಬದಲಾದರು.

1934 ಅಂದ ಕೂಡಲೇ ನಮಗೆ ಬೇಕಾದ ಇನ್ನೊಂದು ವಿಷಯ ಇದೆ. ಅದೇ ವಿಂಬಲ್ಡನ್‌ನಲ್ಲಿ ಲೀಲಾ ರಾವ್ ಒಂದು ಪಂದ್ಯ ಗೆದ್ದರು. ಸಂಸ್ಕೃತ ಕವಯಿತ್ರಿ ಪಂಡಿತಾ ಕ್ಷಮಾ ರಾವ್ ಅವರ ಮಗಳು. ವಿಂಬಲ್ಡನ್‌ನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಹೆಣ್ಣುಮಗಳು ಅವರು. ರಯಾನ್ ಕೊನೆಯ ಕಪ್ಪು ಎತ್ತಿದ ಅದೇ ಬೇಸಿಗೆ, ಅದೇ ಹುಲ್ಲು. ಲೀಲಾ ರಾವ್ ಬಗ್ಗೆ ಒಂದು ಪೂರ್ತಿ ಸಂಜೆ ಮಾತಾಡಬೇಕು, ಇವತ್ತು ಆಗುವುದಿಲ್ಲ.

ಆ ವರ್ಷವೇ ರಯಾನ್ ವೃತ್ತಿಪರರಾದರು, ಟೆನಿಸ್ ಕಲಿಸಲು ಶುರು ಮಾಡಿದರು. ಎಲ್ಲ ಸೇರಿ ಅವರ ಗ್ರ್ಯಾಂಡ್‌ಸ್ಲಾಮ್ ಲೆಕ್ಕ 26: ವಿಂಬಲ್ಡನ್ 19, ಫ್ರೆಂಚ್ 4, ಅಮೆರಿಕ 3. ಅಂತರರಾಷ್ಟ್ರೀಯ ಟೆನಿಸ್ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿದ್ದು 1972ರಲ್ಲಿ. ಆಗ ಅವರಿಗೆ 80 ವಯಸ್ಸು. ತಡ ಆಯಿತು ಅಂತ ನನಗೆ ಅನಿಸುತ್ತದೆ.

ಹತ್ತೊಂಬತ್ತು ಅನ್ನುವುದು ನಾಲ್ಕು ದಶಕ ಹಾಗೇ ನಿಂತಿತ್ತು. ಆಮೇಲೆ ಇನ್ನೊಬ್ಬ ಕ್ಯಾಲಿಫೋರ್ನಿಯಾದ ಹೆಣ್ಣುಮಗಳು ಬಂದರು, ಬಿಲ್ಲಿ ಜೀನ್ ಕಿಂಗ್. 1975ರಲ್ಲಿ ಸಿಂಗಲ್ಸ್ ಗೆದ್ದಾಗ ಕಿಂಗ್ ಅವರ ವಿಂಬಲ್ಡನ್ ಪ್ರಶಸ್ತಿಗಳೂ 19 ಆದವು. ಇನ್ನೊಂದು ಬಂದರೆ ದಾಖಲೆ ಮುರಿಯುತ್ತದೆ. 1976 ಹೋಯಿತು, 77 ಹೋಯಿತು, 78 ಹೋಯಿತು, ಆ ಇನ್ನೊಂದು ಬರಲಿಲ್ಲ. ರಯಾನ್ ವಿಂಬಲ್ಡನ್‌ಗೆ ಬರುತ್ತಿದ್ದರು, ಪಂದ್ಯ ನೋಡುತ್ತಿದ್ದರು.

1979ರ ಜುಲೈ 6, ಶುಕ್ರವಾರ. ಮಹಿಳಾ ಸಿಂಗಲ್ಸ್ ಫೈನಲ್ ದಿನ. 87 ವಯಸ್ಸಿನ ರಯಾನ್ ಕ್ಲಬ್ಬಿನಲ್ಲೇ ಇದ್ದರು. ಅಲ್ಲೇ ಕುಸಿದು ಬಿದ್ದರು, ಅದೇ ದಿನ ತೀರಿಕೊಂಡರು.

ಮರುದಿನ ಶನಿವಾರ ಕಿಂಗ್ ಫೈನಲ್ ಆಡಿದರು. ಮೊದಲ ಸೆಟ್ ಸೋತರು, 5-7. ಉಳಿದ ಎರಡು 6-3, 6-2. ಇಪ್ಪತ್ತನೆಯದು ಬಂತು. ಅದು ಸಿಂಗಲ್ಸ್ ಅಲ್ಲ, ಮಹಿಳಾ ಡಬಲ್ಸ್. ಪಕ್ಕದಲ್ಲಿ ನಿಂತಿದ್ದವರು 22 ವಯಸ್ಸಿನ ಮಾರ್ಟಿನಾ ನವ್ರಾಟಿಲೋವಾ. ಅದೇ ನವ್ರಾಟಿಲೋವಾ 2003ರಲ್ಲಿ, 46ನೇ ವಯಸ್ಸಿಗೆ, ತಾವೂ ಇಪ್ಪತ್ತು ಮುಟ್ಟಿದರು. ಮಿಶ್ರ ಡಬಲ್ಸ್, ಜೊತೆಗೆ ನಮ್ಮ ಲಿಯಾಂಡರ್ ಪೇಸ್.

ಕಿಂಗ್ ಅವರ ಇಪ್ಪತ್ತರಲ್ಲಿ ಆರು ಸಿಂಗಲ್ಸ್. ನವ್ರಾಟಿಲೋವಾ ಅವರ ಇಪ್ಪತ್ತರಲ್ಲಿ ಒಂಬತ್ತು ಸಿಂಗಲ್ಸ್. ಪಕ್ಕದಲ್ಲಿ ಇನ್ನೊಬ್ಬರನ್ನು ಇಟ್ಟುಕೊಂಡು ಅಲ್ಲಿ ಹತ್ತೊಂಬತ್ತು ಗೆದ್ದವರು ಇವತ್ತಿಗೂ ರಯಾನ್ ಒಬ್ಬರೇ.